ನಮ್ಮವರು ಯಾರಾದ್ರೂ ಇದಾರಾ?

ಅಮೆರಿಕದ ಹ್ಯಾಮ್‌ಟ್ರ್ಯಾಮಿಕ್ ಊರಿನ ಬೆಳಗಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯೆಮೆನ್ ಕಡೆಯ ಒಬ್ಬ ತಾಯಿ, ಮಾತು ಬಾರದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ವಿಶೇಷ ಮಕ್ಕಳ ಸರ್ಕಾರಿ ಶಾಲೆ ಎಲ್ಲಿ ಬರುತ್ತದೆಂದು ಪಕ್ಕದ ಪೋಲಿಷ್ ಅಜ್ಜಿಯನ್ನು ಕೇಳಿದಳು.

"ಮುಂದಿನ ಸ್ಟಾಪೇ. ನನ್ನ ಮೊಮ್ಮಗ ತಾದೆಕ್ ಅಲ್ಲೇ ಓದೋದು. ಇವಳನ್ನ ಸೇರಿಸೋಕೆ ಹೊರಟ್ಯಾ?"

"ನೋಡ್ಕೊಂಡು ಬರೋಣ ಅಂತ, ಅಜ್ಜಿ. ತುಂಬಾ ಮಕ್ಕಳಿದಾರಾ?"

"ನಲವತ್ತೂ ಇಲ್ಲ. ಎಲ್ಲರ ಹೆಸರೂ ನಂಗೆ ಬಾಯಿಪಾಠ. ಉಚ್ಚಾರಣೆ ಮಾತ್ರ ಕೇಳ್ಬೇಡ."

"ನಮ್ಮವರು ಯಾರಾದ್ರೂ ಇದಾರಾ? ಅಲ್ಲಿ ಒಂಟಿಯಾಗ್ತಾಳೆ, ಮನೇಲೇ ಇಟ್ಕೋ ಅಂತಾರೆ ನಮ್ಮತ್ತೆ."

"ಕೇಳಿಲ್ಲಿ. ಏಳು ವರ್ಷ ತುಂಬಿದ್ರೂ ನಮ್ಮ ತಾದೆಕ್ ಒಂದು ಮಾತೂ ಆಡಿರ್ಲಿಲ್ಲ. ಒಂದಿನ ಶಾಲೆಯಿಂದ ಬಂದವನೇ 'ಯಲ್ಲಾ' ಅಂದ. ನಾನು ಏನೋ ಸಿಹಿತಿಂಡಿ ಅಂದ್ಕೊಂಡು ಬೇಕರಿಗೆ ಹೋಗಿ ಕೇಳ್ದೆ!"

ತಾಯಿ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯೋ ಅಜ್ಜಿ, ನಮ್ಮ ಅರಬ್ಬೀಲಿ 'ನಡಿ, ಹೋಗೋಣ' ಅಂತ ಅದು! ಯಾರು ಕಲಿಸಿದ್ದು?"

"ಅವನ ಕ್ಲಾಸಿನ ಸಾಲಿಮ್. ತನ್ನ ಗಾಲಿಕುರ್ಚಿ ತಳ್ಳು ಅಂತ ಇವನಿಗೆ ದಿನಾ ಹಾಗೇ ಕೂಗ್ತಾನಂತೆ."

"ಸಾಲಿಮ್ ಮನೆಯವ್ರು ಯಾವ ಊರವ್ರು?"

"ನಂಗೇನು ಗೊತ್ತು? ನೀನೇ ಅವನ ತಾಯೀನ ಕೇಳು, ಬೆಳಿಗ್ಗೆ ಬಂದಿರ್ತಾಳೆ."

ಬಸ್ಸು ನಿಂತಿತು. ತಾಯಿ ಮಗಳನ್ನು ಎತ್ತಿಕೊಂಡು ಎದ್ದಳು.

"ನೀವೂ ಒಳಗೆ ಬಂದು ಇವಳಿಗೆ ಶಾಲೆ ತೋರಿಸ್ತೀರಾ?"

"ನಾನ್ಯಾಕೆ? ತಾದೆಕ್ ಆಗ್ಲೇ ಶಾಲೇಲಿದಾನೆ, ಅವನೇ ತೋರಿಸ್ತಾನೆ. ಈಗ ಅವನ ಬಾಯಿ ಮುಚ್ಚಿಸೋದೇ ಕಷ್ಟ."

ಹಾಗೆನ್ನುತ್ತಲೇ ಅಜ್ಜಿಯೂ ಎದ್ದಳು; ಮೂವರೂ ಇಳಿದುಹೋದರು.