ಎಡಗಡೆ ಸೀಟಿನ ಬೆಲ್ಟು

ಆ ಭಾನುವಾರ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಏಳು ಗಂಟೆಯ ಹೊತ್ತಿಗೆ ಕೊಳ್ಳೇಗಾಲದ ಅರ್ಧ ಊರಿಗೆ ಕರೆಂಟು ಹೋಗಿ, ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಶಿವರತ್ನಮ್ಮನ ಮನೆಯ ಹಜಾರದಲ್ಲಿ, ಅರ್ಧ ನೇಯ್ದ ರೇಷ್ಮೆ ಸೀರೆಯ ಮೇಲೆ ಬಟ್ಟೆ ಹೊದಿಸಿ, ಒಂದು ಬ್ಯಾಟರಿ ದೀಪ ಇಟ್ಟುಕೊಂಡು ಅಕ್ಕಪಕ್ಕದ ಏಳೆಂಟು ಮಂದಿ ಕೂತಿದ್ದೆವು. ಹುರಿದ ಕಡಲೆಕಾಯಿಯ ಮೊರ ಕೈಯಿಂದ ಕೈಗೆ ಹೋಗುತ್ತಿತ್ತು.

ನಾನು ವಾರಕ್ಕೆ ಆರು ದಿನ ಕೆಲಸಕ್ಕೆಂದು ಮೈಸೂರಿಗೆ ಹೋಗಿ ಬರುವವನು. ಬಸ್ಸಿನಲ್ಲಿ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಹಳೆಯದಾದರೂ ಚಿಂತೆಯಿಲ್ಲ, ಒಂದು ದೊಡ್ಡ ಡೀಸೆಲ್ ಕಾರು ಕೊಳ್ಳಬೇಕೆಂದು ತಿಂಗಳಿಂದ ಹುಡುಕುತ್ತಿದ್ದೆ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಸದಾಶಿವಪ್ಪನವರ ಮುಂದೆ ಮೊಬೈಲು ಹಿಡಿದು, ನನಗೆ ಹಿಡಿಸಿದ್ದ ಕಾರಿನ ಚಿತ್ರ ತೋರಿಸಿದೆ. ಎಪ್ಪತ್ತು ದಾಟಿದ ಡೀಸೆಲ್ ಮೆಕ್ಯಾನಿಕ್ ಅವರು. ಈ ಸೀಮೆಯಲ್ಲಿ ಅವರು ತಲೆಯಾಡಿಸದೆ ಯಾರೂ ಹಳೆಯ ಗಾಡಿ ಕೊಳ್ಳುವುದಿಲ್ಲ.

ಅವರು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಮೊಬೈಲು ವಾಪಸು ಕೊಟ್ಟು ಕೇಳಿದರು:

"ಇದ್ರೊಳಗೆ ನಿನಗಿಂತ ಮುಂಚೆ ಯಾರ್ ಕುಂತಿದ್ರು ಅಂತ ಕೇಳ್ದಾ?"

ನಾನು ನಕ್ಕೆ. ಅವರು ನಗಲಿಲ್ಲ. ಮೊರ ಕೆಳಗಿಟ್ಟು ಎಲ್ಲರೂ ಅವರತ್ತ ತಿರುಗಿದೆವು.

"ಎಂಜಿನ್ ವಿಚಾರ ನಂಗೆ ಬುಡು ಕಣಪ್ಪ. ನಲವತ್ತೈದು ವರ್ಷ ಡೀಸೆಲ್ ಮೂಸಿರೋ ಮೂಗು ಇದು, ಬಾನೆಟ್ ಎತ್ತದೇನೆ ಕಾಯಿಲೆ ಯೋಳ್ತೀನಿ. ಅಂಥಾ ನಾನೇ ನಿಂತ್ಕಂಡು, ನನ್ ತಮ್ಮನ್ ಮಗಳು ರೂಪಂಗೆ ಒಂದು ಕಾರ್ ಕೊಡಿಸ್ದೆ… ಗೊತ್ತಲ್ಲ ರೂಪ, ಹನೂರಿಗೆ ಕೊಟ್ಟಿರೋಳು? ಮೈಸೂರಲ್ಲಿ ನರ್ಸುಗಳ ಕಾಲೇಜ್‌ನಾಗೆ ಪಾಠ ಮಾಡ್ತಾಳೆ. ಗಂಡ ನಾಗರಾಜು ಹನೂರಲ್ಲೇ ಮೇಷ್ಟ್ರು, ಅವನು ಊರ್ ಬುಡಂಗಿಲ್ಲ, ಇವ್ಳು ಕೆಲ್ಸ ಬುಡಾಕಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹನೂರು ಬುಟ್ರೆ ಕೊಳ್ಳೇಗಾಲ, ನರಸೀಪುರ, ಮೈಸೂರು… ಮತ್ತೆ ಸಾಯಂಕಾಲ ಅದೇ ರಸ್ತೆ. ಆಳು ನೋಡಿದ್ರೆ ಐದಡಿ ಇಲ್ಲ. ಧೈರ್ಯ ನೋಡಿದ್ರೆ ಆನೆ ಅಡ್ಡ ಬಂದ್ರೂ ಹಾರನ್ ಹೊಡೆಯೋಳು.

"ಯಳಂದೂರಲ್ಲಿ ದೇವಣ್ಣ ಅಂತ ಒಬ್ರು, ರಿಟೈರ್ಡ್ ಆಫೀಸರ್ರು, ಒಂದು ಕಾರ್ ಮಾರ್ತಾವ್ರೆ ಅಂತ ಸುದ್ದಿ ಬಂತು. ಓಗಿ ನೋಡ್ತೀನಿ… ಫಾರಿನ್ ಕಂಪನೀದು, ಕರೀದು, ಉದ್ದಕ್ಕೆ, ಮಿಣಿಮಿಣಿ ಅಂತದೆ. ಹತ್ತು ವರ್ಷ ಹಳೇದು, ಆದ್ರೂ ಸ್ಟಾರ್ಟ್ ಮಾಡಿದ್ರೆ ಒಳಗ್ ಕುಂತೋರಿಗೆ ಸದ್ದೇ ಇಲ್ಲ. ಒಂದೂಮುಕ್ಕಾಲ್ ಲಕ್ಷ ಕಿಲೋಮೀಟರ್ ಓಡಿತ್ತು. ಇಷ್ಟ್ಯಾಕ್ ಓಡಿಸಿದ್ರಿ ಸಾ ಅಂದೆ. 'ಓಡಾಟ ಇತ್ತು' ಅಂದ್ರು, ಅಷ್ಟೇ. ಸರ್ವಿಸ್ ಪುಸ್ತಕದಾಗೆ ಒಂದು ದಿನಾನೂ ತಪ್ಪಿರ್ಲಿಲ್ಲ. ಮಗಾ, ಕಣ್ ಮುಚ್ಕಂಡು ತಕ್ಕೋ ಅಂದೆ ನಾನು. ಕೀ ಕೊಡೋವಾಗ ಆ ಮನುಷ್ಯ ಕಾರ್ ಕಡೀಕೆ ತಿರುಗೂ ನೋಡ್ಲಿಲ್ಲ, ಒಳೀಕ್ ಓಗಿ ಬಾಗ್ಲು ಆಕಂಡ್ರು. ಆಗ್ಲೇ ನಾನು ಯೋಚ್ನೆ ಮಾಡ್ಬೇಕಿತ್ತು… ಆದ್ರೆ ಕಿವಿ ತುಂಬಾ ಎಂಜಿನ್ನೇ ತುಂಬ್ಕಂಡಿತ್ತಲ್ಲ, ಯೋಚ್ನೆಗೆ ಜಾಗ ಎಲ್ಲಿತ್ತು?"

ಮಳೆ ಒಮ್ಮೆ ಜೋರಾಗಿ ಹಂಚಿನ ಮೇಲೆ ಬಡಿದು ಹೋಯಿತು. ಸದ್ದು ತಗ್ಗಿದ ಮೇಲೆ ಸದಾಶಿವಪ್ಪ ಮಾತು ಮುಂದುವರಿಸಿದರು.

"ಎರಡನೇ ವಾರ ರೂಪ ಫೋನ್ ಮಾಡಿದ್ಲು. 'ದೊಡ್ಡಪ್ಪ, ಪಕ್ಕದ್ ಸೀಟ್ ಗಂಟೆ ಹೊಡ್ಕತದೆ' ಅಂದ್ಲು. ಈಗಿನ್ ಕಾರ್‌ನಾಗೆ ಸೀಟಲ್ಲಿ ಆಳು ಕುಂತು ಬೆಲ್ಟ್ ಆಕದೇ ಇದ್ರೆ ಟಿಣ್ ಟಿಣ್ ಅಂತ ಹೊಡ್ಕತದಲ್ಲ, ಅದು. ಯಾರ್ ಕುಂತಿದ್ರವ್ವ ಅಂದೆ. 'ಯಾರೂ ಇಲ್ಲ. ಸೀಟ್ ಮ್ಯಾಲೆ ಬ್ಯಾಗೂ ಇಲ್ಲ' ಅಂದ್ಲು. ಓ, ಸೆನ್ಸರ್ ಕೆಟ್ಟದೆ, ತಕಂಡ್ ಬಾ ಅಂದೆ.

"ಸೀಟು ಬಿಚ್ಚಿದೆ, ವೈರ್ ನೋಡ್ದೆ, ಎಲ್ಲಾ ಸರಿಯಾಗದೆ. ಆದ್ರೂ ಇರ್ಲಿ ಅಂತ ಆ ವೈರ್‌ನೇ ಕಿತ್ತಾಕ್ದೆ. ತಿಳೀತಾ? ಕಿತ್ತೇ ಆಕ್ದೆ. ಮುಂದಿನ್ ಸೋಮವಾರ ಮತ್ತೆ ಫೋನು… ಗಂಟೆ ಹೊಡ್ಕತಾ ಅದೆ ದೊಡ್ಡಪ್ಪ! ಕರೆಂಟೇ ಇಲ್ದೆ ಇರೋ ಗಂಟೆ ಹೆಂಗಪ್ಪಾ ಹೊಡ್ಕತದೆ? ನಲವತ್ತೈದು ವರ್ಷದಾಗೆ ಒಂದು ಗಾಡೀನೂ ನನಗೆ ಇಂಗೆ ಎದುರಾಡಿರ್ಲಿಲ್ಲ.

"ಮಾರನೇ ದಿನ ರೂಪ ಶೆಡ್‌ಗೆ ಬಂದ್ಲು. ಕೈಯಾಗೆ ಒಂದು ಕ್ಯಾಲೆಂಡರ್. ಗಂಟೆ ಹೊಡೆದ್ ದಿನಕ್ಕೆಲ್ಲ ಸುತ್ತು ಆಕವ್ಳೆ. 'ಬೆಳಿಗ್ಗೆ ಹೊಡಿಯಕಿಲ್ಲ. ಸಾಯಂಕಾಲ ವಾಪಸ್ ಬರೋವಾಗ, ನರಸೀಪುರದ್ ಸೇತುವೆ ದಾಟಿದ್ ಮ್ಯಾಲೆ ಶುರುವಾಗ್ತದೆ. ಅದೂ ದಿನಾ ಅಲ್ಲ. ನೋಡು… ಸೋಮವಾರ, ಬುಧವಾರ, ಶುಕ್ರವಾರ. ಒಂದ್ ವಾರಾನೂ ತಪ್ಪಿಲ್ಲ' ಅಂದ್ಲು. ಅದಕ್ಕೇನವ್ವ ಅಂದೆ. ನನ್ ಮುಖ ನೋಡಿ, ಪಾಠ ಮಾಡೋ ಗಂಟಲಾಗೆ ಯೋಳಿದ್ಲು: 'ದೊಡ್ಡಪ್ಪ, ಇದು ಡಯಾಲಿಸಿಸ್ ದಿನ. ಕಿಡ್ನಿ ಕೆಟ್ಟೋರ್ನ ವಾರಕ್ಕೆ ಮೂರ್ ಸಲ ರಕ್ತ ತೊಳ್ಸಕ್ಕೆ ಆಸ್ಪತ್ರೆಗೆ ಕರ್ಕಂಡ್ ಬತ್ತಾರಲ್ಲ, ಆ ಲೆಕ್ಕ. ಈ ಕಾರ್ ಅಷ್ಟೊಂದು ಯಾಕ್ ಓಡ್ತು ಅಂತ ಈಗ್ ಗೊತ್ತಾಯ್ತು.'

"ನನ್ ಕೈಯಾಗಿದ್ದ ಸ್ಪ್ಯಾನರ್ ಕೆಳಗ್ ಬಿತ್ತು ಕಣ್ರಿ. ಅವ್ಳು ಬಗ್ಗಿ ಎತ್ತಿ ಕೊಟ್ಲು. 'ಶುಕ್ರವಾರ ನನ್ ಜೊತೇಲಿ ಬಾ' ಅಂದ್ಲು.

"ಓದೆ. ಓಗ್ದೆ ಇರಾಕಾಗ್ತದಾ? ನಾನ್ ಕೊಡಿಸಿದ್ ಕಾರು. ಸಾಯಂಕಾಲ ಮೈಸೂರಲ್ಲಿ ಹತ್ತೋವಾಗ, ಮುಂದ್ಗಡೆ ಬಾಗ್ಲಿಗೆ ಕೈ ಆಕ್ದೆ… ರೂಪ ಬ್ಯಾಡ ಅಂತ ತಲೆ ಆಡ್ಸಿದ್ಲು. ಹಿಂದ್ಗಡೆ ಕುಂತ್ಕಂಡೆ. ನರಸೀಪುರದ್ ಹತ್ರ ಬರೋವಾಗ ಆರೂಕಾಲ್ ಆಗಿರ್ಬೇಕು, ಬೆಳಕು ಇನ್ನೂ ಚೆನ್ನಾಗಿತ್ತು. ಕುಂತೂರು ಫ್ಯಾಕ್ಟರಿಗೆ ಓಗೋ ಕಬ್ಬಿನ್ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ವು, ಯಾರೋ ಹಾಡು ಆಕಿದ್ರು. ದೆವ್ವ ಗಿವ್ವ ಅಂತ ಅಂಜೋ ಒತ್ತೇ ಅಲ್ಲ ಅದು. ಸೇತುವೆ ದಾಟಿದ್ವಿ…

"ಟಿಣ್… ಟಿಣ್… ಟಿಣ್…

"ರೂಪ ಆ ಕಡೀಕ್ ನೋಡ್ಲೇ ಇಲ್ಲ. ಒಂದ್ ಕೈಯಾಗೆ ಸ್ಟೀರಿಂಗ್ ಹಿಡ್ಕಂಡು, ಇನ್ನೊಂದ್ ಕೈ ಚಾಚಿ ಎಡಗಡೆ ಬೆಲ್ಟ್ ಎಳೆದು ಟಕ್ ಅಂತ ಸಿಕ್ಕಿಸಿದ್ಲು. ಗಂಟೆ ನಿಂತೋಯ್ತು. ನಾನು ಮುಂದಕ್ ಬಗ್ಗಿ ನೋಡ್ದೆ. ಖಾಲಿ ಸೀಟ್‌ಗೆ ಬೆಲ್ಟ್ ಆಕಿದ್ರೆ ಅದು ಹೆಂಗಿರ್ಬೇಕು? ಸೀಟಿಗೆ ಅಂಟ್ಕಂಡು ಚಪ್ಪಟೆಗೆ ಇರ್ಬೇಕು ತಾನೆ? ಇಲ್ಲ… ಗೇಣುದ್ದ ಮುಂದಕ್ಕೆ ಉಬ್ಬಿ ನಿಂತಿತ್ತು. ಎದೆ ಹತ್ರ ಉಬ್ಬು, ಹೊಟ್ಟೆ ಹತ್ರ ತಗ್ಗು. ಅಷ್ಟೇ ಆಗಿದ್ರೆ ಆಗಿತ್ತು… ಆ ಬೆಲ್ಟು ನಿಧಾನಕ್ಕೆ ಮ್ಯಾಕ್ ಏಳ್ತಿತ್ತು, ಕೆಳೀಕ್ ಇಳೀತಿತ್ತು. ಮ್ಯಾಕ್ ಏಳ್ತಿತ್ತು, ಕೆಳೀಕ್ ಇಳೀತಿತ್ತು. ಸುಸ್ತಾದೋರು ಉಸಿರಾಡಂಗೆ."

ಸದಾಶಿವಪ್ಪ ತಮ್ಮ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿ ಇಳಿಯುವುದನ್ನು ನಮಗೆ ತೋರಿಸಿದರು. ಶಿವರತ್ನಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

"ಮುಂದೆ ಯಳಂದೂರ್ ಕಡೀಕೆ ಒಂದು ರಸ್ತೆ ತಿರುಗ್ತದಲ್ಲ… ಅಲ್ಲಿಗ್ ಬಂದ್ವಿ. ರೂಪ ನೇರಕ್ಕೆ ಕೊಳ್ಳೇಗಾಲದ್ ದಾರಿ ಹಿಡಿಯೋಳು. ಅಷ್ಟರಾಗೆ ಟಕ್! ಬಕಲ್ ತಾನಾಗೇ ಬಿಚ್ಕಂತು. ಯಾರೂ ಮುಟ್ಟಿಲ್ಲ, ನನ್ ಕಣ್ಣಾರೆ ನೋಡ್ದೆ. ಮತ್ತೆ ಟಿಣ್ ಟಿಣ್ ಶುರುವಾಯ್ತು. ರೂಪ ಕಾರ್ ನಿಲ್ಸಿ ಸೀಟ್ ಕಡೀಕ್ ತಿರುಗಿ, ವಾರ್ಡ್‌ನಾಗೆ ಪೇಷೆಂಟ್‌ನ ಮಾತಾಡಿಸಂಗೆ, 'ಎಲ್ಲಿಗೆ ಓಗ್ಬೇಕು? ಯಳಂದೂರ್‌ಗಾ?' ಅಂದ್ಲು.

"ಗಂಟೆ ನಿಂತೋಯ್ತು.

"ನನಗೆ ಬಾಗ್ಲು ತಗ್ದು ಓಡ್ಬೇಕು ಅನ್ನಿಸ್ತು, ಸುಳ್ಳ್ಯಾಕೆ ಯೋಳ್ಲಿ. ಅವ್ಳು ಮತ್ತೆ ಬೆಲ್ಟ್ ಆಕಿ, ಯಳಂದೂರ್ ರಸ್ತೆಗೆ ತಿರುಗ್ಸಿದ್ಲು.

"ದೇವಣ್ಣ ಜಗಲೀಲಿ ಕುಂತಿದ್ರು. ಕಾರ್ ನೋಡ್ತಿದ್ದಂಗೆ ಎದ್ದು ಒಳೀಕ್ ಓಗಾಕ್ ನೋಡಿದ್ರು. ರೂಪ ಅಡ್ಡ ನಿಂತ್ಲು. 'ಸರ್, ಡಯಾಲಿಸಿಸ್‌ಗೆ ಓಯ್ತಿದ್ದೋರು ಯಾರು?' ಅಂತ ಒಂದೇ ಮಾತು ಕೇಳಿದ್ಲು. ಆ ಮನುಷ್ಯ ಅಂಗೇ ಜಗಲಿ ಮ್ಯಾಲೆ ಕುಸಿದ್ರು.

"ಅವ್ರ ಹೆಂಡ್ತಿ, ವಸಂತಮ್ಮ. ಎಂಟು ವರ್ಷ, ವಾರಕ್ ಮೂರು ಸಲ ಮೈಸೂರು. ಬೇರೆ ಕಾರ್‌ನಾಗೆ ಕುಲುಕಿದ್ರೆ ಮೂಳೆ ನೋಯ್ತಿತ್ತಂತೆ, ಅದಕ್ಕೇ ಇದ್ದಬದ್ದಿದ್ದೆಲ್ಲ ಆಕಿ ಆ ಕಾರ್ ತಕಂಡಿದ್ರು. ಯಾವಾಗ್ಲೂ ಮುಂದೆ, ಗಂಡನ್ ಪಕ್ಕ ಕುಂತ್ಕತಿದ್ರಂತೆ. ಕಡೇ ಶುಕ್ರವಾರ, ವಾಪಸ್ ಬರೋವಾಗ ನರಸೀಪುರದ್ ಸೇತುವೆ ದಾಟ್ತಿದ್ದಂಗೆ ಕೈ ಹಿಡ್ಕಂಡು, 'ರೀ, ನನ್ನ ಮನೆಗೆ ಕರ್ಕಂಡ್ ಓಗಿ ಕಣ್ರಿ, ಸಾಕು' ಅಂದ್ರಂತೆ. ಇವ್ರು ಕೇಳ್ಲಿಲ್ಲ. ಉಳಿಸ್ಕಬೈದು ಅಂತ ಕಾರ್ ತಿರುಗ್ಸಿ ಮತ್ತೆ ಮೈಸೂರ್ ಕಡೀಕ್ ಓಡ್ಸಿದ್ರು. ವಸಂತಮ್ಮ ದಾರೀಲೇ ಓಗ್ಬುಟ್ರು. 'ಅವಳು ಅಷ್ಟೇ ಕೇಳಿದ್ದು ಕಣಮ್ಮ. ಅದೊಂದು ನಾನು ಮಾಡ್ಲಿಲ್ಲ' ಅಂತ ಮಗೀನಂಗೆ ಅತ್ರು.

"ರೂಪ ಅವ್ರ ಕೈ ಹಿಡ್ದು ಎಬ್ಬಿಸಿದ್ಲು. 'ಅಳೋದು ಆಮೇಲೆ. ಬನ್ನಿ, ಅವ್ರು ಕಾಯ್ತಾವ್ರೆ' ಅಂದ್ಲು.

"ದೇವಣ್ಣ ಎಡಗಡೆ ಬಾಗ್ಲು ತಗುದ್ರು. ಬೆಲ್ಟು ಇನ್ನೂ ಉಬ್ಕಂಡೇ ಇತ್ತು, ಉಸಿರಾಡ್ತಾನೇ ಇತ್ತು. ಅವ್ರು ನೋಡಿದ್ರು… ಅಂಜ್ಲಿಲ್ಲ. ಎಂಟು ವರ್ಷ ಮಾಡಿ ಮಾಡಿ ರೂಢಿಯಾಗಿರೋ ಕೈ, ಬಗ್ಗಿ ಮೆಲ್ಲಗೆ ಬಕಲ್ ಬಿಚ್ಚಿದ್ರು. 'ವಸಂತ… ಏಳು, ಮನೆ ಬಂತು' ಅಂದ್ರು. ಬೆಲ್ಟು ಸುಯ್ ಅಂತ ಒಳೀಕ್ ಓಯ್ತು. ತಗ್ಗಿದ್ದ ಸೀಟು ಮೆಲ್ಲಗೆ ಮ್ಯಾಕ್ ಬಂತು. ಆ ಮನುಷ್ಯ ಗಾಳೀನ ತೋಳಲ್ಲಿ ಆನಿಸ್ಕಂಡು, ಒಂದೊಂದೇ ಮೆಟ್ಲು ಹತ್ತಿ ಒಳೀಕ್ ಓದ್ರು. ನಾವಿಬ್ರೂ ಬೀದೀಲೇ ನಿಂತಿದ್ವಿ. ಒಳಗಿಂದ ಮಾತಾಡೋ ಸದ್ದು ಕೇಳ್ತಿತ್ತು. ಒಬ್ರ್ ದನಿ ಅಂತ ನಾನು… ರೂಪ ಎರಡು ಅಂತಾಳೆ."

"ಆಮೇಲೆ ಗಂಟೆ ಹೊಡೀತಾ?" ನಾನು ಕೇಳಿದೆ.

"ಒಂದ್ ದಿನಾನೂ ಹೊಡೀಲಿಲ್ಲ. ಎರಡ್ ವರ್ಷ ಕಾರು ಬೆಣ್ಣೆ ಹಂಗ್ ಓಡ್ತು. ಇಲ್ಲಿಗೇ ಮುಗುದ್ರೆ ಒಳ್ಳೇ ಕತೆ, ಎದ್ದು ಮನೆಗ್ ಓಗಬೈದು…" ಸದಾಶಿವಪ್ಪ ಕಂಬಳಿ ಸರಿಮಾಡಿಕೊಂಡರು. "ಓದ್ ತಿಂಗಳು ದೇವಣ್ಣ ತೀರ್ಕಂಡ್ರು. ತಿಥಿ ಕಳೆದ್ ಸೋಮವಾರ ಬೆಳಿಗ್ಗೆ ರೂಪ ಕಾರ್ ಹತ್ತಿ ಕುಂತ್ಲಂತೆ. ಕಾಲು ಬ್ರೇಕಿಗೇ ಸಿಗ್ಲಿಲ್ಲವಂತೆ. ಸೀಟು ಪೂರಾ ಹಿಂದಕ್ಕೆ ಸರ್ದಿತ್ತು, ಕನ್ನಡಿ ಮ್ಯಾಕ್ ತಿರುಗಿತ್ತು. ಆರಡಿ ಮನುಷ್ಯ ಅವ್ರು… ಬುಧವಾರಾನೂ ಅಂಗೇ. ಶುಕ್ರವಾರಾನೂ ಅಂಗೇ. ಬೀಗ ಆಕಿದ್ ಕಾಂಪೌಂಡು, ಕೀ ಇವ್ಳ ದಿಂಬಿನ್ ಕೆಳಗೆ.

"ಮಾರ್ಬುಡು ಮಗಾ ಅಂದೆ. 'ಯಾಕ್ ದೊಡ್ಡಪ್ಪ? ಈಗ ನಂಗೆ ಸುಸ್ತೇ ಆಗಾಕಿಲ್ಲ' ಅಂತ ನಕ್ಕಳು. ಮೊನ್ನೆ ಶುಕ್ರವಾರ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ಕಾರು ಬಂತು, ಜೋರಾಗೇ ಬಂತು, ಬಸ್ಸನ್ನ ಅಚ್ಚುಕಟ್ಟಾಗಿ ಬಳಸ್ಕಂಡ್ ಓಯ್ತು. ಒಳಗಿಂದ ರೂಪ ನನ್ ನೋಡಿ ಕೈ ಬೀಸಿದ್ಲು. ನಾಳೆ ಸೋಮವಾರ… ಆರೂಮುಕ್ಕಾಲ್ಗೆ ಬಂದು ನಿಂತ್ಕಳಿ, ನಿಮಗೂ ಬೀಸ್ತಾಳೆ."

ಅವರು ದೀಪದ ಬೆಳಕಿಗೆ ತಮ್ಮ ಅಂಗೈಗಳನ್ನು ಎತ್ತಿ ಹಿಡಿದರು.

"ಎರಡೂ ಕೈ ಕಣಪ್ಪ… ಎರಡೂ ಕೈ."