ಖಂಡಿಸಿದವರ ಬಾಗಿಲು

ಖಂಡಿಸ್ತಾರಂತೆ, ಖಂಡಿಸ್ತಾರೆ! ಇನ್ನೊಂದ್ಸಲ ಓದೇ ಚೈತ್ರಾ, ಏನಂತ ಹಾಕಿದಾರೆ ನಿನ್ನ ಫೋನಲ್ಲಿ? ಗಂಡಸು ಗಂಡಸ್ನ ಪ್ರೀತಿಸಿದ್ರೆ, ಹೆಂಗಸು ಹೆಂಗಸ್ನ ಪ್ರೀತಿಸಿದ್ರೆ ಜೈಲು ಅಂತ ಇನ್ನೊಂದು ದೇಶದೋರು ಕಾನೂನು ಮಾಡಿದ್ರು, ದೊಡ್ಡ ದೊಡ್ಡ ದೇಶಗಳೆಲ್ಲ ತೀವ್ರವಾಗಿ ಖಂಡಿಸಿದ್ವು. ತೀವ್ರವಾಗಿ ಬೇರೆ! ಇಡು ಆಚೆ ಆ ಫೋನ್ನ. ಅವರೆಕಾಳಿನ ಬೋಗುಣಿ ಈಕಡೆ ಎಳ್ಕೋ, ಕೈ ಕೆಲ್ಸ ಮಾಡ್ಲಿ, ಕಿವಿ ನಂಗೆ ಕೊಡು. ಹಂಗಲ್ಲ ಕಣೇ, ಉಗುರು ತಾಗಿಸ್ಬೇಡ, ಹೆಬ್ಬೆರಳಲ್ಲಿ ಹಿತುಕ್ಬೇಕು, ಸಿಪ್ಪೆ ಕೈಲಿ ಉಳೀಬೇಕು, ಬೇಳೆ ಮೊರಕ್ಕೆ ಹಾರ್ಬೇಕು. ಹಾಂ, ಹಂಗೆ. ಖಂಡಿಸೋರನ್ನ ನಾನು ನನ್ನ ಜೀವ್ನದಲ್ಲಿ ಎರಡು ಸಲ ನೋಡಿದೀನಿ, ಎರಡು ಸಲಾನೂ ಮೈ ಉರ್ದೋಗಿದೆ. ಮೊದಲ್ನೇದು ನಿಮ್ಮಪ್ಪ ಎಳೆಕೂಸಾಗಿದ್ದಾಗ. ಎರಡ್ನೇದು ಮೇಲಿನ ಮನೆ ಐಸಾಕ್ ವಿಷ್ಯದಲ್ಲಿ.

ಹೂಂ, ನಿಂಗೆ ಕೇರಂ ಹೇಳ್ಕೊಟ್ನಲ್ಲ, ಅದೇ ಐಸಾಕಣ್ಣ. ಆಫ್ರಿಕಾದಿಂದ ಓದಕ್ಕೆ ಬಂದೋನು, ಕೆಂಗೇರಿ ಕಡೆ ಕಾಲೇಜು, ಫಾರ್ಮಸಿ. ಅವನ್ನ ಕರ್ಕೊಂಡ್ಬಂದಿದ್ದು ಬಸವರಾಜ, ಬಾಗಲಕೋಟೆ ಹುಡುಗ, ಇಲ್ಲೇ ರಾಜಾಜಿನಗರದಲ್ಲಿ ಲ್ಯಾಬಲ್ಲಿ ಕೆಲ್ಸ. ಇಬ್ರೂ ಗೇಟ್ ಹತ್ರ ನಿಂತು, "ಅಜ್ಜಿ, ಮನಿ ಖಾಲಿ ಐತೇನ್ರಿ?" ಅಂದ್ರು. ನಾನು ಕಟ್ಟುನಿಟ್ಟಾಗಿ ಹೇಳ್ದೆ: ನೋಡಪ್ಪಾ, ನೀರು ಹಾಳು ಮಾಡಂಗಿಲ್ಲ, ಚಪ್ಲಿ ಮೆಟ್ಲ ಮೇಲೆ ಬಿಡಂಗಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಹುಡುಗೀರು ನನ್ನ ಮೆಟ್ಲು ಹತ್ತಂಗಿಲ್ಲ! ಇಬ್ರೂ ಮುಖ ಮುಖ ನೋಡ್ಕೊಂಡು ನಕ್ರು. "ಇಲ್ರಿ ಅಜ್ಜಿ, ಆ ಚಿಂತಿ ಬ್ಯಾಡ" ಅಂದ ಬಸವರಾಜ. ಅವತ್ತಿಂದ ಒಂದು ಹುಡುಗಿ ಬರ್ಲಿಲ್ಲ ಕಣೇ, ಒಂದೇ ಒಂದು! ನಾನು ಹಾಲಿನ ಬೂತಲ್ಲಿ, ತರಕಾರಿ ಗಾಡಿ ಹತ್ರ, ದೇವಸ್ಥಾನದಲ್ಲಿ, ಎಲ್ಲಾ ಕಡೆ ಹೇಳ್ಕೊಂಡು ಬಂದೆ, ನಮ್ಮ ಮೇಲಿನ ಹುಡುಗ್ರು ಅಪರಂಜಿ, ಹುಡುಗೀರ ಕಡೆ ತಲೆ ಎತ್ತೂ ನೋಡಲ್ಲ ಅಂತ. ನಗು, ನಗು. ಆಮೇಲೆ ನಾನೂ ನಕ್ಕಿದೀನಿ.

ಬಂದ ದಿನ ಹಾಲುಕ್ಸಿ ಅಂದೆ. ಬಾಡಿಗೆಗೆ ಯಾರೇ ಬರ್ಲಿ, ಯಾವ ದೇಶದೋರೇ ಆಗ್ಲಿ, ಹಾಲುಕ್ಸದೆ ನಮ್ಮನೇಲಿ ಯಾರೂ ಸಂಸಾರ ಶುರು ಮಾಡಿಲ್ಲ. ಐಸಾಕ್ ಸ್ಟೌ ಮುಂದೆ ಕಣ್ಣಿಟ್ಟು ನಿಂತಿದ್ದ, ಹಾಲು ಮೇಲೆ ಬಂತು ನೋಡು, ಟಕ್ ಅಂತ ಆಫ್ ಮಾಡ್ಬಿಟ್ಟ! "ಅಜ್ಜಿ, ಹಾಲು ವೇಸ್ಟ್" ಅಂತಾನೆ. ಅಯ್ಯೋ ಮಂಕೇ, ಚೆಲ್ಬೇಕು ಕಣೋ, ಚೆಲ್ಲಿದ್ರೇನೇ ಮನೆ ನಿಂದಾಗೋದು ಅಂತ ನಾನೇ ಮತ್ತೆ ಹಚ್ಚಿ ಉಕ್ಸಿದೆ. ಅವನ ತಾಯಿ ಫೋನಲ್ಲಿ ನೋಡ್ತಿದ್ಲು, ತಲೆಗೆ ಬಟ್ಟೆ ಕಟ್ಕೊಂಡು, ಜೋರಾಗಿ ನಗ್ತಿದ್ಲು. ಅವಳ ಭಾಷೆ ನಂಗೆ ಬರಲ್ಲ, ನನ್ನ ಭಾಷೆ ಅವಳಿಗೆ ಬರಲ್ಲ, ಆದ್ರೂ ಆಮೇಲೆ ವಾರಕ್ಕೊಂದ್ಸಲ ಮಾತಾಡ್ತಿದ್ವಿ. ಇದೇ ಅವರೆಕಾಯಿ ಕಾಲ್ದಲ್ಲಿ ನಾನು ಮೊರ ತೋರ್ಸಿದ್ರೆ ಅವಳೂ ಏನೋ ಕಾಳು ತಂದು ತೋರ್ಸೋಳು.

ಎಲ್ಲಿದ್ದೆ? ಹಾಂ, ಮೊದಲ್ನೇ ಖಂಡನೆ. ಅದನ್ನ ಹೇಳ್ದೆ ಇದು ಅರ್ಥ ಆಗಲ್ಲ. ನಮ್ಮ ಮಾರೇನಹಳ್ಳಿ ಹೊಲ ಲೇಔಟ್‌ಗೆ ಹೋದಾಗ, ಈ ಮನೆ ಇನ್ನೂ ಕಟ್ಟಿರ್ಲಿಲ್ಲ, ನಾನು ನಿಮ್ಮಜ್ಜ ರಾಜಾಜಿನಗರದಲ್ಲಿ, ಅಲ್ಲಲ್ಲ, ಅದು ಮೊದ್ಲು, ಇದು ಮಹಾಲಕ್ಷ್ಮಿ ಲೇಔಟಲ್ಲಿ, ಬಾಡಿಗೆಗಿದ್ವಿ. ಹೊಲ ಇದ್ದೋರು, ಕಣಜದ ತುಂಬ ರಾಗಿ ಕಂಡೋರು, ಸೇರು ಲೆಕ್ಕದಲ್ಲಿ ರಾಗಿ ಕೊಂಡು ತಿಂತಿದ್ವಿ. ನಾನು ಹಸಿ ಬಾಣಂತಿ. ನಮ್ಮವ್ವ ಊರಿಂದ ಬಂದು ಬಾಣಂತಿಗೆ ಶಕ್ತಿ ಬರ್ಲಿ ಅಂತ ಕಾಲು ಸೂಪು ಕಾಯ್ಸಿದ್ಲು. ವಾಸ್ನೆ ಓನರಿಗೆ ಹೋಯ್ತು. ಬಂದ ನೋಡು, "ಏನ್ರೀ ಇದು, ನಮ್ಮನೇನ ಮಿಲ್ಟ್ರಿ ಹೋಟ್ಲು ಮಾಡ್ಕೊಂಡಿದೀರ? ಇವತ್ತೇ ಖಾಲಿ ಮಾಡಿ!" ನಿಮ್ಮಜ್ಜ ಕೈ ಮುಗುದ್ರು, ಸ್ವಾಮಿ ಬಾಣಂತಿ ಇದಾಳೆ, ಒಂದು ತಿಂಗ್ಳು ಬಿಡಿ ಅಂದ್ರು. ಕೇಳ್ಬೇಕಲ್ಲ! ಪಾತ್ರೆ ಪಡಗ ಬೀದಿಗೆ ಬಂತು, ಜಡಿಮಳೆ ಹಿಡ್ಕೊಂಡಿತ್ತು, ನಿಮ್ಮಪ್ಪನ್ನ ಸೆರಗೊಳಗೆ ಮುಚ್ಕೊಂಡು ನಾನು ಮೋರಿ ಕಟ್ಟೆ ಮೇಲೆ ಕೂತಿದ್ದೆ. ಅವತ್ತು ಇಡೀ ಬೀದಿ ಖಂಡಿಸ್ತು ಕಣೇ! ಈ ಕಾಂಪೌಂಡಿಂದ ಒಬ್ಳು "ಥೂ, ಬಾಣಂತೀನ ಹಿಂಗ್ ಮಾಡ್ಬಾರ್ದಿತ್ತು", ಆ ಕಿಟಕೀಲಿ ಒಬ್ಬ "ಮನುಷ್ಯತ್ವ ಇಲ್ವಾ ಆ ಓನರಿಗೆ". ಅಂದ್ರು, ಒಳಗೆ ಹೋದ್ರು, ಚಿಲಕ ಹಾಕ್ಕೊಂಡ್ರು. ಕೊನೆಗೆ ಇಸ್ತ್ರಿ ಗಾಡಿ ಮುನಿಯಮ್ಮ, ಅವಳಿಗಿದ್ದಿದ್ದು ಒಂದು ಶೀಟ್ ಮನೆ, ಯಾರನ್ನೂ ಬೈಲಿಲ್ಲ, ಬಂದು ಕೂಸನ್ನ ಎತ್ಕೊಂಡು ಹೊರಟೇಬಿಟ್ಲು, ನಾನು ಹಿಂದೇನೇ ಹೋದೆ. ಅವತ್ತು ಅಂದ್ಕೊಂಡೆ, ನಂಗೂ ಒಂದಿನ ಸೂರು ಆಗುತ್ತೆ, ನನ್ನ ಸೂರಿನ ಕೆಳಗಿಂದ ಯಾರನ್ನೂ ಹೊರಗೆ ಹಾಕಲ್ಲ ಅಂತ.

ಈಗ ಐಸಾಕ್ ವಿಷ್ಯಕ್ಕೆ ಬಾ. ಅವನ ಓದು ಮುಗೀತಾ ಬಂದಿತ್ತು, ಊರಿಗೆ ಹೋಗಿ ಮೆಡಿಕಲ್ ಸ್ಟೋರ್ ಇಡ್ತೀನಿ, ಅಮ್ಮನ ನೋಡ್ಕೋತೀನಿ ಅಂತಿದ್ದ. ಒಂದಿನ ಬೆಳಿಗ್ಗೆ ಮೆಟ್ಲ ಮೇಲೆ ತಲೆ ಹಿಡ್ಕೊಂಡು ಕೂತವ್ನೆ, ತಿಂಡಿ ಇಲ್ಲ, ಸ್ನಾನ ಇಲ್ಲ. ಬಸವರಾಜ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಜ್ಜಿ, ನಿಮಗ ಸುಳ್ಳು ಹೇಳಂಗಿಲ್ರಿ. ನಾವಿಬ್ರೂ ಬರೇ ದೋಸ್ತರಲ್ಲ. ಗಂಡ ಹೆಂಡ್ತಿ ಹೆಂಗಿರ್ತಾರ, ಹಂಗ ಇದೀವ್ರಿ. ಅಂವನ ದೇಶದಾಗ ಈಗ ಕಾನೂನು ಬಂದೈತಿ, ಅಂಥಾವ್ರನ್ನ ಜೀವ ಇರೂತನಾ ಜೈಲಿಗೆ ಹಾಕ್ತಾರ್ರಿ." ಮಲ್ಲತ್ತಹಳ್ಳಿ ಕೆರೆ ಏರಿ ಮೇಲೆ ಇಬ್ರೂ ಕೈ ಹಿಡ್ಕೊಂಡು ತೆಗ್ಸಿದ ಫೋಟೋ ಐಸಾಕ್ ಫೋನಲ್ಲಿ ಎಲ್ಲಾರೂ ನೋಡೋ ಹಂಗೆ ಹಾಕಿದ್ನಂತೆ, ಕೆಳಗೆ ಏನೋ ಪ್ರೀತಿ ಮಾತು. ನಮ್ಮಲ್ಲಿ ಹುಡುಗ್ರು ಹೆಗಲ ಮೇಲೆ ಕೈ ಹಾಕ್ಕೊಂಡು ಹೋದ್ರೆ ಯಾರು ತಿರುಗಿ ನೋಡ್ತಾರೆ ಹೇಳು? ಇವನೂ ಇಲ್ಲೇ ಇದ್ದು ಇದ್ದು ಭಯ ಮರ್ತಿದ್ದ. ಅಲ್ಲಿ ಅವನ ಚಿಕ್ಕಪ್ಪನ ಮಗನೇ ಅದನ್ನ ಪೊಲೀಸಿಗೆ ತೋರ್ಸಿದ.

ನಂಗೆ ಅರ್ಥ ಆಗಕ್ಕೆ ಸ್ವಲ್ಪ ಹೊತ್ತು ಹಿಡೀತು, ಸುಳ್ಳ್ಯಾಕೆ. ಆದ್ರೆ ಇನ್ನೊಂದು ಮಾತು ಹೇಳ್ದ ನೋಡು, ಅಲ್ಲಿ ನಂಗೆ ಉರೀತು. ಆ ಕಾನೂನಲ್ಲಿ, ಅಂಥೋರು ಅಂತ ಗೊತ್ತಿದ್ದೂ ಮನೆ ಬಾಡಿಗೆ ಕೊಟ್ರೆ ಓನರಿಗೂ ಜೈಲಂತೆ! ನಂಗೆ! ನನ್ನ ಮನೆಗೆ ಯಾರು ಬರ್ಬೇಕು, ಯಾರು ಯಾರ ಜೊತೆ ಉಣ್ಬೇಕು ಅಂತ ಬಾಗಿಲಿಗೆ ಕಿವಿಯಾನಿಸಿ ಕೇಳಿ ಠಾಣೆಗೆ ಚಾಡಿ ಹೇಳ್ಬೇಕಾ ನಾನು? ಅವತ್ತು ಸೂಪಿನ ವಾಸ್ನೆ ಹಿಡ್ಕೊಂಡು ಬಂದ್ನಲ್ಲ ಆ ಓನರು, ಅಂಥೋನ್ನೇ ಎಲ್ಲಾರ್ನೂ ಮಾಡ್ತೀವಿ ಅನ್ನೋ ಕಾನೂನಲ್ವಾ ಇದು? ಏಳೋ ಐಸಾಕ್, ಮುದ್ದೆ ಇಕ್ತೀನಿ ಉಣ್ಣು, ಯಾವನು ಬರ್ತಾನೋ ನಾನೂ ನೋಡ್ತೀನಿ ಅಂದೆ. ಅಷ್ಟೊತ್ತಿಗೆ ಅವನ ತಾಯಿ ಫೋನು. ನಗು ಇಲ್ಲ. ಒಂದೇ ಮಾತು ಹೇಳ್ತಿದ್ಲು, ಮತ್ತೆ ಮತ್ತೆ. ಏನಂತಾಳೋ ಅಂದೆ. "ಬರಬೇಡ ಅಂತಾರೆ ಅಜ್ಜಿ" ಅಂದ. ಹೆತ್ತವಳ ಬಾಯಲ್ಲಿ ಮನೆಗೆ ಬರ್ಬೇಡ ಮಗ್ನೇ ಅನ್ನಿಸ್ತು ಆ ಕಾನೂನು! ಅದಕ್ಕಿಂತ ಕೆಟ್ಟದ್ದು ಏನಿದೆ ಹೇಳು.

ಆಗ ಶುರುವಾಯ್ತು ಖಂಡನೆ. ಟೀವೀಲಿ ಬಂತು, ಕೋಟು ಹಾಕ್ಕೊಂಡೋರು ಒಬ್ಬರಾದ್ಮೇಲೆ ಒಬ್ರು ಎದ್ದು ನಿಂತು ಇದು ಅನ್ಯಾಯ, ಇದು ಅಮಾನುಷ ಅಂದ್ರು. ನಂಗೆ ಖುಷಿಯಾಯ್ತು, ಪರ್ವಾಗಿಲ್ಲ, ಕೇಳೋರಿದಾರೆ ಅಂತ. ಬಸವರಾಜ ನಕ್ಕ. "ಅಜ್ಜಿ, ಆ ಊರಿನ ಹಳೇ ಕಾನೂನು ಯಾರು ಬರದಿದ್ದು ಅಂತೀರಿ? ನಮಗೂ ಅವರಿಗೂ ಒಬ್ಬರ ಕೈಲೇ ಬಂದಿದ್ದು. ರಾಜ್ಯ ಆಳಾಕ ಬಂದಿದ್ರಲ್ಲ, ಅವ್ರೇ." ನಮ್ದು ಈಗೀಗ ಹೋಯ್ತಂತೆ, ಕೋರ್ಟಲ್ಲಿ ಬಡಿದಾಡಿ. ಅಲ್ಲ, ಬೀಜ ಬಿತ್ತಿದೋನೇ ಬಂದು ಛೆ ಛೆ ಎಂಥಾ ಕಳೆ ಅಂದ್ರೆ? ಇನ್ನು ನಮ್ಮ ದೇಶದೋರು, ಅದು ಅವರ ಮನೆ ವಿಷ್ಯ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರು. ಆಮೇಲೆ ಆ ದೊಡ್ಡೋರು ಏನ್ಮಾಡಿದ್ರು? ಸಾಲ ಕೊಡಲ್ಲ ಅಂದ್ರು, ಸಹಾಯ ನಿಲ್ಸಿದ್ರು. ಮಂತ್ರಿಗಳ ಮನೇಲಿ ಒಲೆ ಆರುತ್ತಾ? ಆರಿದ್ದು ಐಸಾಕ್ ಊರಿನ ಆಸ್ಪತ್ರೆ ದೀಪ. ಅವನ ತಾಯಿ ಮಾತ್ರೆ ತಗೊಳ್ತಿದ್ದ ಜಾಗ ಮುಚ್ತು. ಅಲ್ಲಿನ ಪುಢಾರಿಗಳು ಮೈಕ್ ಹಿಡ್ಕೊಂಡು, ನೋಡಿ, ಅಂಥೋರಿಂದಲೇ ನಿಮ್ಮ ಔಷಧಿ ಹೋಯ್ತು ಅಂದ್ರು. ಜನ ಹೋಗಿ ಇವನ ತಾಯಿ ಮನೆ ಕಿಟಕಿಗೆ ಕಲ್ಲು ಹೊಡುದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅದು!

ಸರಿ, ಅಷ್ಟು ಖಂಡಿಸ್ದೋರು ಇವನೊಬ್ಬನ್ನ ಕರ್ಕೊಳ್ಳಲ್ವಾ ಅಂತ ನಾನೇ ಹೇಳ್ದೆ, ಯಾರು ಜಾಸ್ತಿ ಕಿರುಚಿದ್ರೋ ಆ ದೇಶಕ್ಕೇ ಹೋಗೋ ಅಂತ. ಅಲ್ಲಿ ಮುಂದೆ ಓದ್ತೀನಿ ಅಂತ ವೀಸಾ ಕೇಳ್ದ. ಮೂವರೂ ಮೆಟ್ರೋ ಹತ್ಕೊಂಡು ವೀಸಾ ಆಫೀಸಿಗೆ ಹೋದ್ವಿ, ನಾನು ರೇಷ್ಮೆ ಸೀರೆ ಉಟ್ಕೊಂಡಿದ್ದೆ, ಬೀಗರ ಮನೆಗೆ ಹೊರಟೋಳಂಗೆ. ನನ್ನ ಗೇಟಲ್ಲೇ ನಿಲ್ಸಿದ್ರು ಅನ್ನು. ಕೆಲವು ವಾರ ಆದ್ಮೇಲೆ ಉತ್ತರ ಬಂತು, ಇಲ್ಲ ಅಂತ. ಯಾಕಂತೆ ಗೊತ್ತಾ? ಓದು ಮುಗಿದ್ಮೇಲೆ ನೀವು ನಿಮ್ಮ ದೇಶಕ್ಕೆ ವಾಪಸ್ ಹೋಗ್ತೀರ ಅನ್ನೋ ನಂಬಿಕೆ ನಮಗಿಲ್ಲ ಅಂತ! ಅಲ್ಲ ಕಣೇ, ಆ ದೇಶ ಬದುಕಕ್ಕೆ ಯೋಗ್ಯ ಅಲ್ಲ ಅಂತ ಟೀವೀಲಿ ಹೇಳ್ದೋರೂ ಇವ್ರೇ, ಅಲ್ಲಿಗೆ ವಾಪಸ್ ಹೋಗ್ತೀಯ ಅಂತ ಗ್ಯಾರಂಟಿ ಕೊಡು ಅನ್ನೋರೂ ಇವ್ರೇ. ಹಂಗಾದ್ರೆ ಜೀವಭಯ ಇದೆ, ಆಶ್ರಯ ಕೊಡಿ ಅಂತ ಕೇಳ್ಕೊಳ್ಳಪ್ಪಾ ಅಂದ್ರೆ, ಅದನ್ನ ಅವರ ನೆಲದ ಮೇಲೆ ನಿಂತು ಕೇಳ್ಬೇಕಂತೆ. ನೆಲದ ಮೇಲೆ ನಿಲ್ಲಕ್ಕೆ ವೀಸಾ ಬೇಕಂತೆ. ಒಳಗೆ ಬಂದು ಬಾಗಿಲು ಬಡಿ, ಆಗ ತೆಗಿತೀವಿ ಅಂದಂಗೆ! ನಾನು ಅವತ್ತು ರೇಷ್ಮೆ ಸೀರೆ ಮಡಿಸ್ತಾ ಮಡಿಸ್ತಾ ಅತ್ಬಿಟ್ಟೆ, ಸಿಟ್ಟಿಗೆ. ಇಲ್ಲಿ ಇರ್ಬೇಕಂದ್ರೂ ಓದ್ತಾನೇ ಇರ್ಬೇಕು, ಇಲ್ದಿದ್ರೆ ಇಲ್ಲಿನ ವೀಸಾನೂ ಇಲ್ಲ. ಅದಕ್ಕೇ ಇನ್ನೊಂದು ಕೋರ್ಸ್ ಸೇರ್ದ, ಬೇಕಿಲ್ದೆ ಇರೋ ಕೋರ್ಸು. ಅದೂ ಮುಗಿದ್ಮೇಲೆ? ಅದನ್ನೇ ನಾನೂ ಕೇಳೋದು.

ಹೋದ ವರ್ಷ ಇದೇ ಅವರೆಕಾಯಿ ಕಾಲ. ಬೆಳಿಗ್ಗೆ ಬಸವರಾಜ ಓಡ್ಬಂದ, "ಅಜ್ಜಿ, ಐಸಾಕನ ಅವ್ವ ಹೋದ್ಳ್ರಿ." ಮಾತ್ರೆ ಇಲ್ದೆ ಹೋದ್ಲು ಅಂತ ನಾನಂತೀನಿ, ದೇವ್ರಿಗೆ ಗೊತ್ತು. ಮೇಲೆ ಹೋದ್ರೆ ಐಸಾಕ್ ಅಳ್ತಾನೂ ಇಲ್ಲ, ಸ್ಟೌ ಮುಂದೆ ನಿಂತು ಟೀಗೆ ಇಟ್ಟವ್ನೆ, ಜನ ಬರ್ತಾರಲ್ಲ ಅಂತ. ಮಣ್ಣಿಗೆ ಹೋಗಂಗಿಲ್ಲ, ಹೋದ್ರೆ ವಿಮಾನ ಇಳಿದ ಜಾಗದಲ್ಲೇ ಕೈಗೆ ಕೋಳ. ಫೋನಲ್ಲೇ ನೋಡ್ಬೇಕು. ನಾನು ಹೋಗಿ ಗ್ಯಾಸ್ ಆರ್ಸಿದೆ. ಮಗಾ, ಸಾವಾದ ಮನೇಲಿ ಒಲೆ ಹಚ್ಚಂಗಿಲ್ಲ, ಅಕ್ಕಪಕ್ಕದೋರು ಊಟ ತರ್ಬೇಕು, ನೀನು ಕೂತ್ಕೋ ಅಂದೆ. ಆಗ ಅತ್ತ ನೋಡು, ನನ್ನ ಹೆಗಲ ಮೇಲೆ ತಲೆಯಿಟ್ಟು.

ಕೆಳಗೆ ಎದುರುಮನೆ ನಂಜುಂಡಪ್ಪ ನಿಂತಿದ್ದ. ಈ ಇಬ್ರ ವಿಷ್ಯ ಎತ್ಕೊಂಡು, ಬೀದಿ ಮರ್ಯಾದೆ ಹೋಯ್ತು ಅಂತ ಕೊಂಕು ಮಾತಾಡ್ತಿದ್ನಲ್ಲ, ಅವನೇ. "ಜಯಮ್ಮೋರೆ, ಅವನ ತಾಯಿ ಸತ್ತಿದ್ದು ಸಮುದ್ರದಾಚೆ. ಇಲ್ಲಿ ಯಾವ ಸಾವಿನ ಮನೆ ರೀ?" ಅಂದ. ನಂಜುಂಡಪ್ಪಾ, ಮಗ ಎಲ್ಲಿ ಅಳ್ತಾನೋ ಅದೇ ಸಾವಿನ ಮನೆ, ನಿನ್ನ ಮಗ್ಳು ಇನ್ಯಾವ್ದೋ ದೇಶದಲ್ಲಿದಾಳೆ, ನಿಂಗೇನಾದ್ರೂ ಆದ್ರೆ ಅವಳಿಗೆ ಅಲ್ಲಿ ಯಾರೂ ಒಂದು ತುತ್ತು ಇಕ್ಕೋದು ಬೇಡ್ವಾ ಅಂದೆ. ಮುಖ ಸಣ್ಣಗೆ ಮಾಡ್ಕೊಂಡು ಒಳಗೆ ಹೋದ. ಮಧ್ಯಾಹ್ನ ಏನಾಯ್ತು ಗೊತ್ತಾ? ಅದೇ ನಂಜುಂಡಪ್ಪ ಅನ್ನದ ಡಬರಿ, ತಿಳಿಸಾರಿನ ಪಾತ್ರೆ ಟವೆಲ್ಲಲ್ಲಿ ಹಿಡ್ಕೊಂಡು ಮೆಟ್ಲು ಹತ್ತಿದ, ಮಂಡಿ ನೋವು ಬೇರೆ, ಉಸ್ಸಪ್ಪಾ ಅಂತ. ಬಸವರಾಜ ಫೋನ್ ಹಿಡ್ಕೊಂಡಿದ್ದ, ಅಲ್ಲಿ ಗುಂಡಿಗೆ ಮಣ್ಣೆಳೀತಿದ್ರು. ನಂಜುಂಡಪ್ಪ ಚಪ್ಲಿ ಬಿಟ್ಟು ಒಳಗೆ ಬಂದು ಐಸಾಕ್ ಪಕ್ಕ ನೆಲದ ಮೇಲೆ ಕೂತ್ಕೊಂಡ, ಅದೆಲ್ಲ ಮುಗಿಯೋ ತನಕ. ಇವತ್ತೂ ಅವನಿಗೆ ಇದೆಲ್ಲ ಒಪ್ಗೆ ಇಲ್ಲ, ಬಾಯಿಬಿಟ್ಟು ಹೇಳ್ತಾನೆ. ಆದ್ರೆ ಅನ್ನ ತಂದ. ಖಂಡಿಸ್ದೋರಲ್ಲಿ ಒಬ್ಬ ತಂದ್ನಾ?

ಸಾಕು, ಬೇಳೆ ಆಯ್ತು. ಕಷ್ಟದಲ್ಲಿರೋನ್ನ ನೋಡಿ ಅಯ್ಯೋ ಅನ್ಬೇಡ ಮಗಾ, ಆ ಅಯ್ಯೋ ಅನ್ನೋ ಹೊತ್ತಲ್ಲಿ ಎದ್ದು ಚಿಲಕ ತೆಗಿ. ಹೋಗೇ ಚೈತ್ರಾ, ಮೇಲೆ ಹೋಗಿ ಕೂಗು, ಹಿತಕಿದ ಬೇಳೆ ಸಾರು, ಇಬ್ರೂ ಬರ್ಬೇಕಂತೆ ಅನ್ನು.