ಹಳೇ ಒಲೆಯ ಕಾಳು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು. ಇಬ್ಬರ ಉಗುರಲ್ಲೂ ಮಸಿ. ಕಿರಿಯವಳು ಹಿರಿಯವಳ ಕಿವಿಯ ಕಡೆ ಬಾಗಿದಳು.

"ಅಕ್ಕಾ, ಭೂಮಿ ಅಗೆದಾಗ ಸಿಕ್ಕ ಆ ಹಳೇ ಒಲೇಲಿ ಇದ್ದಿದ್ದು ಒಂದೇ ಕರಕಲು ಕಾಳು. ತಟ್ಟೇಲಿಟ್ಟು ನೋಡ್ತಿದ್ದೆ, ಸೀನು ಬಂತು. ಹಾರಿಹೋಯ್ತು."

"ಮತ್ತೆ ವಯಸ್ಸು ಹೇಳೋ ಲ್ಯಾಬಿಗೆ ಏನು ಕಳಿಸ್ದೆ?"

"ಪಕ್ಕದ ಗುಂಡೀಲಿ ಸಿಕ್ಕ ಬೇರೆ ಕಾಳನ್ನ."

"ಅಯ್ಯೋ. ರಿಸಲ್ಟ್ ಬಂದ್ರೆ ಸಿಕ್ಕಿಬೀಳ್ತೀಯ."

"ಬೆಳಿಗ್ಗೇನೇ ಬಂತು. ಅಗೆತ ನಡೆಸೋ ನಮ್ಮ ಸರ್ ಇಪ್ಪತ್ತು ವರ್ಷದಿಂದ ಆ ಜಾಗಕ್ಕೆ ಹೇಳ್ತಿದ್ದ ವಯಸ್ಸೇ ಬಂದಿದೆ. ಖುಷೀಲಿ ಫೋನಲ್ಲೇ ಅತ್ತೇಬಿಟ್ರು."

"ಆ ಕಾಳನ್ನ ವಾಪಸ್ ತರಿಸು."

"ವಯಸ್ಸು ನೋಡೋಕೆ ಸುಟ್ಟುಬಿಡ್ತಾರಲ್ಲಕ್ಕಾ. ಈಗ ನಿಜ ಹೇಳಿದ್ರೂ ತೋರ್ಸೋಕೆ ಏನಿದೆ?"

ಬಸ್ಸು ಬಂತು. ಹಿರಿಯವಳು ತಿರುಗಿ ನನ್ನನ್ನೊಮ್ಮೆ ನೋಡಿದಳು.

"ಇದನ್ನ ನಾನು ಕೇಳಿಸ್ಕೊಂಡಿಲ್ಲ ಕಣೇ," ಎಂದು ಹತ್ತಿಬಿಟ್ಟಳು. ಕಿರಿಯವಳು ಹತ್ತಲಿಲ್ಲ.